ಔಷಧಿಯನ್ನು ಹೊರಗೆ ತಳ್ಳುವ ಪಂಪು

ಕ್ಯಾನ್ಸರ್‌ಗೆ ಕೊಡುವ ಕೀಮೋ ಔಷಧಿ ಮೊದಮೊದಲು ಕೆಲಸ ಮಾಡಿ ಆಮೇಲೆ ಯಾಕೆ ನಾಟುವುದಿಲ್ಲ, ಇದನ್ನು ಪತ್ತೆಹಚ್ಚಿದವರು ಯಾರು ಅಂತ ಕೇಳಿದ್ದೀರಿ. ಕಾರಣ ಒಂದೇ ಅಲ್ಲ. ಆದರೆ ಒಂದು ದೊಡ್ಡ ಕಾರಣದ ಹಿಂದೆ ಹೋದವರು ಕೆನಡಾದ ವಿಜ್ಞಾನಿ ವಿಕ್ಟರ್ ಲಿಂಗ್. ಟೊರೊಂಟೊದಲ್ಲಿ ಅವರು ಹ್ಯಾಮ್‌ಸ್ಟರ್ (ಇಲಿಯಂಥ ಪ್ರಾಣಿ) ಕೋಶಗಳಿಗೆ, ಕೋಶ ಒಡೆದು ಎರಡಾಗುವುದನ್ನು ತಡೆಯುವ ಕಾಲ್ಚಿಸಿನ್ ಅನ್ನೋ ಔಷಧಿ ಹಾಕಿ, ಸಾಯದೆ ಉಳಿದವನ್ನು ಬೆಳೆಸಿದರು. ಮಜಾ ಏನು ಗೊತ್ತಾ? ಆ ಕೋಶಗಳು ಎಂದೂ ಕಾಣದ ಬೇರೆ ಔಷಧಿಗಳಿಗೂ ಬಗ್ಗಲಿಲ್ಲ! 1976ರಲ್ಲಿ ಸಹಸಂಶೋಧಕ ಜೂಲಿಯಾನೊ ಜೊತೆ ಸೇರಿ ಅವುಗಳ ಪೊರೆಯಲ್ಲಿ ಪಿ-ಗ್ಲೈಕೊಪ್ರೋಟೀನ್ ಅನ್ನೋ ಪ್ರೋಟೀನನ್ನು ಗುರುತಿಸಿದರು. ಔಷಧಿ ಒಳಗೆ ನುಗ್ಗಲು ಇದೇ ಅಡ್ಡಿ ಅಂತ ಆಗಿನ ಊಹೆ; 'ಪಿ' ಅಂದರೆ ಪರ್ಮಿಯಬಿಲಿಟಿ, ಅಂದರೆ ಪೊರೆ ದಾಟಲು ಬಿಡುವ ಗುಣ. ಅದು ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಔಷಧಿಯನ್ನು ಹೊರಗೆಸೆಯುವ ಪಂಪು ಅಂತ ಆಮೇಲೆ ಗೊತ್ತಾಯಿತು. ನಮ್ಮ ಕರುಳು, ಮಿದುಳಿನ ರಕ್ತನಾಳಗಳಲ್ಲೂ ಇದೇ ಪಂಪು ಕಾವಲಿಗಿದೆ. ಹಾಗಾಗಿ ಸುಮ್ನೆ ಬಂದ್ ಮಾಡಲು ಆಗುವುದಿಲ್ಲ.