ಸ್ಪ್ಯಾನಿಷ್, ಫ್ರೆಂಚ್ ಓದಿದರೆ ಸಂಪಾದನೆ ಆಗುತ್ತಾ?

ಪ್ರಶ್ನೆ: ಮಗಳು ಕಾಮರ್ಸ್‌ನಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದ್ದಾಳೆ. ಈಗ ಬಿ.ಎ. ಸ್ಪ್ಯಾನಿಷ್ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ರೊಮಾನ್ಸ್ ಭಾಷೆ ಎಂದರೆ ನೆಂಟರು ನಗುತ್ತಾರೆ. ಅವರಪ್ಪ ಬಿ.ಕಾಂ. ಮಾಡಲಿ ಅನ್ನುತ್ತಾರೆ. ಒಂದು ಖಾಸಗಿ ಕಾಲೇಜಿನಲ್ಲಿ ವಿಚಾರಿಸಿದೆವು, ಎಲ್ಲ ಸೇರಿ ಎಂಟು ಲಕ್ಷ ಅಂದರು. ಸಾಲ ಮಾಡಿ ಓದಿಸಬಹುದಾ?
ಒಬ್ಬ ತಾಯಿ, ಹಾಸನ

ಉತ್ತರ: ಓದಿಸಿ. ಆದರೆ ಆ ಎಂಟು ಲಕ್ಷದ ಸಾಲ ಮಾತ್ರ ಬೇಡ.

ಮೊದಲು ನೆಂಟರ ವಿಷಯ. ಈ ಹೆಸರಿಗೂ ಪ್ರೀತಿ ಪ್ರೇಮಕ್ಕೂ ಸಂಬಂಧವಿಲ್ಲ. ರೋಮ್‌ನವರ ಲ್ಯಾಟಿನ್‌ನಿಂದ ಹುಟ್ಟಿದ ಭಾಷೆಗಳಿಗೆ ರೊಮಾನ್ಸ್ ಭಾಷೆಗಳು ಅನ್ನುತ್ತಾರೆ. ಸ್ಪ್ಯಾನಿಷ್, ಫ್ರೆಂಚ್, ಪೋರ್ಚುಗೀಸ್, ಇಟಾಲಿಯನ್, ರೊಮೇನಿಯನ್ ಎಲ್ಲ ಒಂದೇ ತಾಯಿಯ ಮಕ್ಕಳು. ಒಂದು ಚೆನ್ನಾಗಿ ಬಂದರೆ ಇನ್ನೊಂದು ಬೇಗ ಕೈಗೆ ಬರುತ್ತದೆ, ಅದೂ ಒಂದು ಲಾಭವೇ.

ಇನ್ನು ದುಡ್ಡಿನ ಲೆಕ್ಕ. ಎಂಟು ಲಕ್ಷವನ್ನು ಶೇ 10ರ ಬಡ್ಡಿಗೆ ಏಳು ವರ್ಷದ ಅವಧಿಗೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 13,300 ರೂಪಾಯಿ ಬೀಳುತ್ತದೆ. ಕೊನೆಗೆ ನೀವು ಕಟ್ಟುವುದು 11 ಲಕ್ಷಕ್ಕೂ ಜಾಸ್ತಿ. ಓದುವ ಮೂರು ವರ್ಷದ ಬಡ್ಡಿಯನ್ನು ನಾನು ಇದರಲ್ಲಿ ಸೇರಿಸಿಯೇ ಇಲ್ಲ. ಈಗ ತಾನೇ ಕೆಲಸಕ್ಕೆ ಸೇರಿದ ಹುಡುಗಿ ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ, ಬಸ್ಸಿನ ಖರ್ಚು ಕಳೆದು ಪ್ರತಿ ತಿಂಗಳು ಅಷ್ಟು ದುಡ್ಡು ಎತ್ತಿಡಬೇಕು ಅಂದರೆ, ಸಿಕ್ಕಿದ ಮೊದಲ ಕೆಲಸಕ್ಕೆ ಜೋತು ಬೀಳುತ್ತಾಳೆ, ಇಷ್ಟಪಟ್ಟು ಕಲಿತ ಭಾಷೆ ಅಲ್ಲಿಗೇ ನಿಂತುಹೋಗುತ್ತದೆ. ನನಗೆ ಬೇಸರವಾಗುವುದು ಅದಕ್ಕೇ.

ಇದೇ ಓದು ಕಡಿಮೆ ಖರ್ಚಿನಲ್ಲಿ ಸಿಗುತ್ತದೆ, ಅದೂ ಒಳ್ಳೆಯ ಕಡೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಅಂದರೆ ಜೆಎನ್‌ಯುನಲ್ಲಿ ಸ್ಪ್ಯಾನಿಷ್, ಫ್ರೆಂಚ್ ಬಿ.ಎ. ಆನರ್ಸ್ ಇದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿ ಬರೆದು ಸೇರಬೇಕು. ಬೋಧನಾ ಶುಲ್ಕ ವರ್ಷಕ್ಕೆ ಕೆಲವೇ ನೂರು ರೂಪಾಯಿ, ನಿಜವಾದ ಖರ್ಚು ಹಾಸ್ಟೆಲ್ ಮತ್ತು ಮೆಸ್ಸಿನದು. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಅಂದರೆ ಇಫ್ಲು, ಇನ್ನೊಂದು. ದೆಹಲಿ ವಿಶ್ವವಿದ್ಯಾಲಯದಲ್ಲಿ ಈ ಭಾಷೆಗಳಿಗೆ ಒಂದು ವಿಭಾಗವೇ ಇದೆ. ಹಾಸನದಿಂದ ದೆಹಲಿ ದೂರ, ತಾಯಿಯ ಸಂಕಟ ಅರ್ಥವಾಗುತ್ತದೆ. ಆದರೂ ಹನ್ನೊಂದು ಲಕ್ಷದ ಭಾರಕ್ಕಿಂತ ದೂರದ ಊರು ವಾಸಿ ಅಲ್ವಾ?

ಎರಡನೆಯ ಮಾತು ಮಗಳಿಗೆ. ಕಂಪನಿಯವರು ಬಿ.ಎ. ಸರ್ಟಿಫಿಕೇಟ್ ನೋಡಿ ಬದಿಗಿಟ್ಟು, 'ಯಾವ ಲೆವೆಲ್' ಎಂದು ಕೇಳುತ್ತಾರೆ. ಯೂರೋಪಿನ ಅಳತೆಯಲ್ಲಿ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು. ಎ2 ಇದ್ದರೆ ಪ್ರವಾಸಕ್ಕೆ ಸಾಕು, ಸಂಬಳಕ್ಕೆ ಸಾಲದು. ಬಿ2 ಬಂದಾಗ ಕೆಲಸದ ಬಾಗಿಲು ತೆರೆಯುತ್ತದೆ, ಅನುವಾದಕ್ಕೆ, ದುಭಾಷಿ ಕೆಲಸಕ್ಕೆ ಸಿ1 ಬೇಕು. ಡಿಗ್ರಿ ಮುಗಿಸಿಯೂ ಬಿ1ರಲ್ಲೇ ನಿಂತರೆ ಮೂರು ವರ್ಷ ದಂಡ. ಸ್ಪ್ಯಾನಿಷ್‌ಗೆ ಡೆಲೆ, ಫ್ರೆಂಚ್‌ಗೆ ಡೆಲ್ಫ್ ಮತ್ತು ಡಾಲ್ಫ್ ಎಂಬ ಪರೀಕ್ಷೆಗಳಿವೆ. ಒಮ್ಮೆ ಪಾಸಾದರೆ ಜೀವನಪೂರ್ತಿ ಮಾನ್ಯ. ಕೊನೆಯ ವರ್ಷದೊಳಗೆ ಬಿ2 ಬರೆಯಲೇಬೇಕು ಎಂದು ಈಗಲೇ ಮಾತು ತೆಗೆದುಕೊಳ್ಳಿ.

ಅವರಪ್ಪನ ಮಾತನ್ನೂ ತಳ್ಳಿಹಾಕಬೇಡಿ. ಭಾಷೆ ಒಂದನ್ನೇ ನೆಚ್ಚಿಕೊಂಡವರು ಕಸ್ಟಮರ್ ಸಪೋರ್ಟ್‌ನಲ್ಲಿ ಶುರು ಮಾಡಿ, ಕೆಲವು ವರ್ಷ ಆದಮೇಲೆ ಮುಂದಕ್ಕೆ ಹೋಗಲಾಗದೆ ಒದ್ದಾಡುವುದನ್ನು ನೋಡಿದ್ದೇನೆ. ಮೊದಲ ಸಂಬಳ ಬರೀ ಇಂಗ್ಲಿಷ್‌ನವರಿಗಿಂತ ಜಾಸ್ತಿ ಇರುತ್ತದೆ, ಆಮೇಲೆ ಏರುವುದು ನಿಧಾನ. ಇಪ್ಪತ್ತು ದೇಶಗಳಲ್ಲಿ ಸ್ಪ್ಯಾನಿಷ್ ಅಧಿಕೃತ ಭಾಷೆ, ಹಾಗಾಗಿ ಕೆಲಸಕ್ಕೆ ಬರವಿಲ್ಲ. ಆದರೆ ಮೆಕ್ಸಿಕೊ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ಅಲ್ಲಿಯ ಗ್ರಾಹಕರು ಎಂದರೆ ರಾತ್ರಿ ಪಾಳಿ, ಇದನ್ನು ಮೊದಲೇ ಮಗಳಿಗೆ ಹೇಳಿಬಿಡಿ. ಸ್ಪೇನ್ ಕೆಲಸವಾದರೆ ಮಧ್ಯಾಹ್ನ ಶುರುವಾಗಿ ರಾತ್ರಿ ಮಲಗುವ ಹೊತ್ತಿಗೆ ಮುಗಿಯುತ್ತದೆ.

ಸ್ಪ್ಯಾನಿಷ್ ಜೊತೆಗೆ ಲೆಕ್ಕಪತ್ರ ಗೊತ್ತಿರುವ ಹುಡುಗಿಯ ಕಥೆಯೇ ಬೇರೆ. ಅಲ್ಲಿಯ ಇನ್‌ವಾಯ್ಸ್ ಓದಿ, ತೆರಿಗೆ ಅರ್ಥ ಮಾಡಿಕೊಂಡು, ಫೋನಿನಲ್ಲಿ ಅವರ ಭಾಷೆಯಲ್ಲೇ ಮಾತಾಡಿ ಮುಗಿಸುವವರು ಸುಲಭಕ್ಕೆ ಸಿಗುವುದಿಲ್ಲ. ನಿಮ್ಮ ಮಗಳಿಗೆ ಪಿಯುಸಿಯಲ್ಲೇ ಅಕೌಂಟೆನ್ಸಿ ಅಡಿಪಾಯ ಬಿದ್ದಿದೆ, ಅದನ್ನು ಸುಮ್ನೆ ಕಳೆದುಕೊಳ್ಳಬೇಡಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಿಂದ ಏಕಕಾಲಕ್ಕೆ ಎರಡು ಡಿಗ್ರಿ ಓದಲು ಅವಕಾಶ ಕೊಟ್ಟಿದೆ. ಬಿ.ಎ. ಸ್ಪ್ಯಾನಿಷ್ ಕಾಲೇಜಿಗೆ ಹೋಗಿ ಓದಲಿ, ಬಿ.ಕಾಂ. ಅನ್ನು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲೋ ಇಗ್ನೋದಲ್ಲೋ ದೂರಶಿಕ್ಷಣದಲ್ಲಿ ಮಾಡಲಿ. ಕಷ್ಟ ಇದೆ, ನಿಜ. ಆದರೆ ಅಪ್ಪ ಮಗಳು ಇಬ್ಬರ ಮಾತೂ ಉಳಿಯುತ್ತದೆ, ಮತ್ತು ಹಟ ಎಷ್ಟು ಗಟ್ಟಿ ಅನ್ನುವುದು ಅವಳಿಗೇ ಗೊತ್ತಾಗುತ್ತದೆ.

ಪ್ರಶ್ನೆ: ನಾನು ಬಿ.ಇ. ಮುಗಿಸಿ ಕೆಲಸದಲ್ಲಿದ್ದೇನೆ. ಕೆನಡಾ ಪಿ.ಆರ್.ಗೆ (ಅಲ್ಲೇ ಕಾಯಂ ನೆಲೆಸುವ ಪರವಾನಗಿಗೆ) ಫ್ರೆಂಚ್ ಡಿಗ್ರಿ ಮಾಡಿದರೆ ಅನುಕೂಲವಾ?
ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ಡಿಗ್ರಿ ಬೇಡ. ಅಲ್ಲಿ ಲೆಕ್ಕಕ್ಕೆ ಬರುವುದು ಟಿಇಎಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಎಂಬ ಫ್ರೆಂಚ್ ಪರೀಕ್ಷೆಯ ಅಂಕ. ಓದು, ಬರಹ, ಮಾತು, ಕೇಳುವಿಕೆ ನಾಲ್ಕರಲ್ಲೂ ಕೆನಡಾದ ಅಳತೆಯ ಏಳನೇ ಮಟ್ಟ ಬಂದು, ಇಂಗ್ಲಿಷ್ ಕೂಡ ಐದನೇ ಮಟ್ಟ ಮುಟ್ಟಿದ್ದರೆ ಪಿ.ಆರ್. ಆಯ್ಕೆಯಲ್ಲಿ 50 ಹೆಚ್ಚುವರಿ ಪಾಯಿಂಟ್ ಸಿಗುತ್ತದೆ. 2023ರಿಂದ ಫ್ರೆಂಚ್ ಬಲ್ಲವರಿಗೆ ಪ್ರತ್ಯೇಕ ಆಯ್ಕೆಯನ್ನೂ ಶುರು ಮಾಡಿದ್ದಾರೆ. ನೆನಪಿರಲಿ, ಈ ಅಂಕಗಳಿಗೆ ಆಯಸ್ಸು ಎರಡೇ ವರ್ಷ, ಡೆಲ್ಫ್ ಹಾಗಲ್ಲ. ಹಾಗಾಗಿ ಮೊದಲು ಕಲಿಯಿರಿ, ಅರ್ಜಿ ಹಾಕುವ ಹೊತ್ತಿಗೆ ಪರೀಕ್ಷೆ ಬರೆಯಿರಿ.

ಪ್ರಶ್ನೆ: ಈಗ ಮೊಬೈಲೇ ಅನುವಾದ ಮಾಡುತ್ತದೆ. ಫ್ರೆಂಚ್ ಎಂ.ಎ. ಮಾಡಿದ ನನಗೆ ಮುಂದೆ ಕೆಲಸ ಇರುತ್ತದಾ?
ಒಬ್ಬ ಓದುಗಿ, ಮಂಗಳೂರು

ಉತ್ತರ: ಪುಟಗಟ್ಟಲೆ ಕೈಪಿಡಿ, ಜಾಹೀರಾತು ಅನುವಾದಿಸಿ ಪದಕ್ಕಿಷ್ಟು ಎಂದು ದುಡಿಯುವ ದಾರಿ ಕಿರಿದಾಗಿದೆ, ಸಮಾಧಾನಕ್ಕೆ ಸುಳ್ಳು ಹೇಳಲಾರೆ. ಈಗ ಯಂತ್ರ ಮಾಡಿದ್ದನ್ನು ತಿದ್ದುವ ಕೆಲಸ ಕೊಡುತ್ತಾರೆ, ಅದಕ್ಕೆ ದರ ಕಡಿಮೆ. ಎದುರು ಕೂತು ಮಾತಾಡುವ, ಕಲಿಸುವ ಕೆಲಸ ಉಳಿದಿದೆ. ನಿಮ್ಮ ಎಂ.ಎ.ಗೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಸೇರಿದರೆ ಕಾಲೇಜಿನಲ್ಲಿ ಪಾಠ ಮಾಡಬಹುದು, ನೆಟ್‌ನಲ್ಲಿ ಫ್ರೆಂಚ್ ವಿಷಯ ಇದೆ. ನಮ್ಮ ಪಿಯುಸಿಯಲ್ಲೂ ಫ್ರೆಂಚ್ ಇದೆ, ಬೆಂಗಳೂರಿನಲ್ಲಿ ಅದನ್ನು ತೆಗೆದುಕೊಳ್ಳುವ ಮಕ್ಕಳು ಬಹಳ. ಶಾಲೆಗಳನ್ನು ಮಾತ್ರ ನೆಚ್ಚಬೇಡಿ. ಕೇಂದ್ರದ 2020ರ ಶಿಕ್ಷಣ ನೀತಿಯ ಪ್ರಕಾರ ಮೂರು ಭಾಷೆಗಳಲ್ಲಿ ಎರಡು ಭಾರತದ್ದೇ ಇರಬೇಕು, ಮೂರನೇ ಭಾಷೆಯಾಗಿ ಫ್ರೆಂಚ್ ಕಲಿಸುತ್ತಿದ್ದ ಕಡೆ ಜಾಗ ಕಡಿಮೆಯಾಗಬಹುದು. ಕೆಲಸಕ್ಕೆ ಸೇರುವ ಮುನ್ನ ಯಾವ ತರಗತಿಗೆ, ಎಷ್ಟು ವರ್ಷಕ್ಕೆ ಎಂದು ಬರಹದಲ್ಲಿ ಕೇಳಿ.