ಮೆಥನಾಲಿಗೆ ಹಾಕೋ ಮುಂಚೆ ಒಂದು ರಾತ್ರಿ ಸ್ಪೋರ್ ಪ್ರಿಂಟಿಗೆ ಕೊಡು

ತಮ್ಮಾ, ನೀ ಹಾಕಿದ ನಾಲ್ಕೂ ಫೋಟೋ ನೋಡಿದೆ, ಬರದದ್ದನ್ನ ಎರಡು ಸಲ ಓದಿದೆ. ಬೀದರ್ ಹೊರಗಿನ ಮೈದಾನದಾಗ ಆರಿದ್ರಾ ಮಳಿ ಹೊಯ್ದ ಮ್ಯಾಲ ಎದ್ದ ಬಿಳಿ ಅಣಬಿ. ದಂಟು ನಡುವಿಗೆ ಕೊಯ್ದಿ, ಕ್ಯಾರಿಬ್ಯಾಗಿನ್ಯಾಗ ತುಂಬಿದಿ, ಮಾಳಿಗಿ ಮ್ಯಾಲ ಬಿಸಿಲಿಗೆ ಹರವಿದಿ. ಕೆಓಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಹನಿ ಬಿಟ್ಟಿ, ಹಳದಿ ಆಗಲಿಲ್ಲ, ಹಂಗಾದ್ರ ತಿನ್ನೋ ಅಗಾರಿಕಸ್ (ಬಟನ್ ಅಣಬಿಯ ಕುಲ) ಅಂತ ಲೇಬಲ್ ಹಚ್ಚಿದಿ. ನಾಳಿಂದ ಎಕ್ಸ್‌ಟ್ರಾಕ್ಷನ್, ಟೋಟಲ್ ಫೀನಾಲ್ ಅಳತಿ, ಆಂಟಿಆಕ್ಸಿಡೆಂಟ್ ಶಕ್ತಿ ನೋಡೋ ಡಿಪಿಪಿಎಚ್ ಪರೀಕ್ಷೆ. ಕೇಳಿದ ಪ್ರಶ್ನಿ ಒಂದೇ, ಮೆಥನಾಲ್ ಎಷ್ಟು ಪರ್ಸೆಂಟ್ ತಗೋಬೇಕು ಅಂತ. 80 ತಗೋ, ನಡೀತದ. ಆದ್ರ ನಾಳೆ ತಗೋಬ್ಯಾಡ. ನಿನ್ನ ಪುಡಿಯೊಳಗ ಯಾವ ಅಣಬಿ ಅದ ಅನ್ನೋದೇ ಇನ್ನೂ ಗೊತ್ತಾಗಿಲ್ಲ. ಮೊದಲು ಸ್ಪೋರ್ ಪ್ರಿಂಟ್ ತಗಿ, ಅಂದ್ರ ಟೊಪ್ಪಿಗಿ ಒಂದು ರಾತ್ರಿ ಇಟ್ಟು ಅದರಿಂದ ಉದುರೋ ಸ್ಪೋರಿನ (ಬೀಜದಂಥಾ ಸಣ್ಣ ಪುಡಿ) ಬಣ್ಣ ನೋಡು.

ಎಲ್ಲಕ್ಕೂ ಮೊದಲು ಒಂದು ಮಾತು. ಕೆಳಗ ನೀನೇ ಬರದೀದಿ, ಉಳಿದದ್ದನ್ನ ಅವ್ವ ಪಲ್ಯಾ ಮಾಡ್ತೀನಂತಾಳ ಅಂತ. ಈಗಿಂದೀಗ ಫೋನ್ ಹಚ್ಚಿ ಬ್ಯಾಡ ಅಂತ ಹೇಳು. ಮೂರನೇ ಫೋಟೋದಾಗ ಟೊಪ್ಪಿಗಿ ನಡುವಿಗೆ ಕಂದು ಪದರು ಎದ್ದದ, ಉಂಗುರ ದಪ್ಪ ಅದ, ಗಿಲ್ಸ್ (ಟೊಪ್ಪಿಗಿ ಕೆಳಗಿನ ತೆಳು ಹಾಳಿಗಳು) ಇನ್ನೂ ಬಿಳೀನೇ ಅವ. ಅಗಾರಿಕಸ್ ಅಷ್ಟು ಅಗಲ ಅರಳಿತು ಅಂದ್ರ ಗಿಲ್ಸ್ ಗುಲಾಬಿ ದಾಟಿ ಚಾಕಲೇಟ್ ಕಡೆ ಹೋಗಿರಬೇಕು. ನನಗ ಅದು ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಅನ್ನೋ ವಿಷದ ಅಣಬಿ ಅಂತ ಅನುಮಾನ. ಫೋಟೋ ನೋಡಿ ಹೆಸರು ಹೇಳೋದು ನನ್ನ ಪದ್ಧತಿ ಅಲ್ಲ, ಅನುಮಾನ ಅಂತ ಅಷ್ಟೇ ಬರೀತೀನಿ. ಆದ್ರ ತಿನ್ನಬ್ಯಾಡ ಅನ್ನೋದಕ್ಕ ಅಷ್ಟು ಅನುಮಾನ ಸಾಕು.

ಇಷ್ಟು ಗಟ್ಟಿ ಹೇಳೋದು ಯಾಕಂದ್ರ ಇದೇ ತಪ್ಪು ನಾ ಪೂರಾ ಒಂದು ವರ್ಷ ಮಾಡೀನಿ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಕಲಬುರಗಿಯಾಗ ಒಂದು ಮೈದಾನದ ಬೇವಿನ ಗಿಡದ ಕೆಳಗಿಂದ ಒಂದಿಷ್ಟು, ಆಳಂದ ರಸ್ತೆ ಕಡೆ ತೊಗರಿ ಹೊಲದ ಬದುವಿನಿಂದ ಒಂದಿಷ್ಟು ತಂದೆ. ಎರಡೂ ಬಿಳಿ, ಎರಡಕ್ಕೂ ಉಂಗುರ, ಗಾತ್ರ ಹೆಚ್ಚು ಕಡಿಮಿ ಒಂದೇ. ಹಸೀದು ಎರಡು ಕಿಲೋ ಇದ್ದದ್ದು ಒಣಗಿ ಇನ್ನೂರು ಗ್ರಾಮಿಗೆ ಬಂತು. ಎಲ್ಲಾ ಕೂಡಿಸಿ ಮಿಕ್ಸಿಗೆ ಹಾಕಿದೆ. ಒಂದು ಅಣಬೀನೂ ಇಡಿಯಾಗಿ ಎತ್ತಿ ಇಡಲಿಲ್ಲ. ಮುಂದ ಫೀನಾಲ್ ರೀಡಿಂಗ್ ಒಂದು ಸಲ ಬಂದಂಗ ಇನ್ನೊಂದು ಸಲ ಬರಲಿಲ್ಲ. ಪಿಪೆಟ್ ಬದಲಿಸಿದೆ, ರಿಯೇಜೆಂಟ್ ಬದಲಿಸಿದೆ, ಕ್ಯುವೆಟ್ ಉಜ್ಜಿ ಉಜ್ಜಿ ತೊಳದೆ. ಆ ನಡುವ ಅದೇ ಮೈದಾನದ ಅಣಬಿ ರೂಮಿನ ಗೆಳೆಯ ಹುರದು ತಿಂದ, ಎರಡು ತಾಸಿನ್ಯಾಗ ವಾಂತಿ ಭೇದಿ ಶುರುವಾಗಿ ರಾತ್ರಿಯೆಲ್ಲಾ ಸಲಾಯಿನ್ ಹಚ್ಚಿಸಿಕೊಂಡು ಮಲಗಿದ. ನಾವಿಬ್ಬರೂ ಎಣ್ಣಿ ಕೆಟ್ಟಿತ್ತು ಅಂತ ತಿಳಕೊಂಡ್ವಿ.

ಮರುವರ್ಷ ಮಳಿಗಾಲದಾಗ ಅಲ್ಲಿಂದಲೇ ತಂದ ಒಂದು ಟೊಪ್ಪಿಗಿ ಟಿಫಿನ್ ಡಬ್ಬಿ ಮುಚ್ಚಳದ ಮ್ಯಾಲ ಮರತು ಬಿಟ್ಟಿದ್ದೆ. ಮುಂಜಾನೆದ್ದು ಎತ್ತಿದ್ರ ಸ್ಟೀಲ್ ಮ್ಯಾಲ ಗೆರಿ ಗೆರಿಯಾಗಿ ಪುಡಿ ಬಿದ್ದದ, ಹೆಸರುಕಾಳು ಸಿಪ್ಪಿ ಸಮೇತ ಅರದಂಗ ಮಂಕು ಹಸಿರು. ಬೆರಳಿಗೆ ಹತ್ತಿದ್ದನ್ನ ಕಿಟಕಿ ಬೆಳಕಿಗೆ ಹಿಡದು ಎಷ್ಟೋ ಹೊತ್ತು ನೋಡಿದೆ. ಅಗಾರಿಕಸ್ ಹಸಿರು ಸ್ಪೋರ್ ಉದುರಿಸಂಗಿಲ್ಲ. ಬಿಳಿ ಗಿಲ್ಸಿನ ದೊಡ್ಡ ಅಣಬಿಯೊಳಗ ಹಸಿರು ಉದುರಿಸೋದು ಅಂದ್ರ ನಮ್ಮ ಕಡೆ ಸಿಗೋದು ಮಾಲಿಬ್ಡೈಟಿಸ್. ಹೊಲದ ಬದುವಿಂದು ಖರೇ ಅಗಾರಿಕಸ್ ಇತ್ತೋ ಇಲ್ಲೋ, ತಿಳಕೊಳ್ಳಾಕ ಇಡೀ ಅಣಬಿ ಒಂದೂ ಉಳಿದಿರಲಿಲ್ಲ. ಟೇಬಲ್ಲು, ಗ್ರಾಫು ಎಲ್ಲಾ ತೆಗದು ಹಾಕಿದೆ. ನಿನಗ ಇನ್ನೂ ಹೊತ್ತು ಮೀರಿಲ್ಲ.

ಸ್ಪೋರ್ ಪ್ರಿಂಟ್ ಹ್ಯಾಂಗ ತಗೋಳೋದು ಅಂತ ನಿನಗ ಗೊತ್ತದ, ಪುಸ್ತಕದಾಗ ಇರೋದು ಮತ್ತ ಹೇಳಂಗಿಲ್ಲ. ನಮ್ಮ ಹವಾದಾಗ ಅದು ಯಾಕ ಕೆಡ್ತದ ಅನ್ನೋದು ಹೇಳ್ತೀನಿ. ಮಳಿ ಎರಡು ದಿನ ಬಿಡುವು ಕೊಟ್ರ ಸಾಕು, ಒಣ ಗಾಳಿ ಬೀಸಿ ಟೊಪ್ಪಿಗಿ ಸ್ಪೋರ್ ಉದುರಿಸೋ ಮುಂಚೇನೇ ಸುಕ್ಕಾಗ್ತದ. ಫ್ಯಾನ್ ಕೆಳಗ, ಎಸಿ ಲ್ಯಾಬಿನ್ಯಾಗ ಇಟ್ರ ಕೇಳಲೇಬ್ಯಾಡ. ನಾ ಮಾಡೋದು ಹಿಂಗ: ಪೂರಾ ಅರಳಿದ ಟೊಪ್ಪಿಗಿ ಆರಿಸ್ತೀನಿ, ಮೊಗ್ಗು ತಗೊಂಡ್ರ ಪ್ರಿಂಟೇ ಬೀಳಂಗಿಲ್ಲ. ದಂಟು ಟೊಪ್ಪಿಗಿ ಸಮ ಕತ್ತರಿಸಿ ಬುಡದ ಭಾಗ ಬ್ಯಾರೆ ಎತ್ತಿ ಇಡ್ತೀನಿ. ಕಾಗದದ ಮ್ಯಾಲ ಇಡಂಗಿಲ್ಲ, ಅಡುಗಿ ಫಾಯಿಲ್ ಹಾಸಿ ಅದರ ಮ್ಯಾಲ ಎರಡು ಗಾಜಿನ ಸ್ಲೈಡ್, ಅದರ ಮ್ಯಾಲ ಟೊಪ್ಪಿಗಿ. ನೆತ್ತಿ ಮ್ಯಾಲ ಒಂದೇ ಹನಿ ನೀರು. ಪಕ್ಕದಾಗ ಹಿಂಡಿದ ಒದ್ದಿ ಹತ್ತಿ ಉಂಡಿ, ಗಿಲ್ಸಿಗೆ ತಾಗದಂಗ. ಮ್ಯಾಲ ಸ್ಟೀಲ್ ಬೋಗಣಿ ಬೋರಲು ಹಾಕಿ, ಸುತ್ತ ಇರುವಿ ಬರದಂಗ ನೀರಿನ ತಾಟಿನ ನಡುವ ಇಡ್ತೀನಿ. ಸಂಜಿಗೆ ಇಟ್ರ ಮುಂಜಾನೆ ತೆಗೀಬೇಕು, ಆರರಿಂದ ಹನ್ನೆರಡು ತಾಸು.

ಅರ್ಧ ಕರಿ ಅರ್ಧ ಬಿಳಿ ಕಾಗದ ಛಲೋ ಅಂತ ಇಲ್ಲಿ ಭಾಳ ಮಂದಿ ಹೇಳ್ತಾರ. ಫೋಟೋಕ್ಕ ಛಂದ, ಕೆಲಸಕ್ಕ ಅಲ್ಲ. ಕಾಗದದಿಂದ ಸ್ಪೋರ್ ಕೆರದು ತೆಗದ್ರ ಎಳಿನೂ ಬರ್ತದ. ಸ್ಲೈಡಿನ್ಯಾಗ ಬಿದ್ದದ್ದನ್ನ ಬ್ಲೇಡಿಲೆ ಗುಡ್ಡಿ ಮಾಡಿ ಬಣ್ಣ ನೋಡಬಹುದು, ಅದೇ ಸ್ಲೈಡ್ ಮೈಕ್ರೋಸ್ಕೋಪಿಗೆ ಇಡಬಹುದು. ಗುಡ್ಡಿ ಮಾಡೋದು ಮುಖ್ಯ, ತೆಳು ಪ್ರಿಂಟ್ ಇದ್ರ ಮಾಲಿಬ್ಡೈಟಿಸಿಂದೂ ಬಿಳಿಚಿದಂಗ ಕಾಣ್ತದ. ಬಣ್ಣದ ಫೋಟೋ ಅವತ್ತೇ, ಹಗಲ ಬೆಳಕಿನ್ಯಾಗ ತಗೋ, ಟ್ಯೂಬ್‌ಲೈಟ್ ಕೆಳಗ ಬ್ಯಾಡ.

ಚಾಕಲೇಟ್ ಕಂದು ಬಿದ್ರ ಅಗಾರಿಕಸ್ ಕಡೆ ಹೋಗು. ಹಸಿರಾದ್ರ ಮಾತು ಮುಗೀತು. ಗುಲಾಬಿ ಬಿದ್ದು ಬುಡಕ್ಕ ಚೀಲ ಇದ್ರ ಹುಲ್ಲಿನ ಅಣಬಿ ಕುಲದ ವೊಲ್ವೇರಿಯೆಲ್ಲಾ ನೋಡು, ಚೀಲ ಇಲ್ಲದ ಉದ್ದ ಬೇರು ಇದ್ರ ಹುತ್ತದ ಅಣಬಿ ಟರ್ಮಿಟೋಮೈಸಿಸ್. ಬಿಳಿ ಬಿದ್ದು, ಉಂಗುರ ಇದ್ದು, ಬುಡಕ್ಕ ಚೀಲ ಇತ್ತು ಅಂದ್ರ ಜೀವಕ್ಕ ಕುತ್ತಾಗೋ ವಿಷದ ಅಮಾನಿಟಾ ಅಂತ ತಿಳಕೊಂಡು ಕೈ ತೊಳಕೊಂಡು ಕೆಲಸ ಮುಂದುವರಸು. ಈಗ ತಿಳೀತಲ್ಲ, ನೀ ನಡುವಿಗೆ ಕೊಯ್ದಾಗ ನೆಲದಾಗ ಏನು ಬಿಟ್ಟು ಬಂದಿ ಅಂತ. ಚೀಲ ಬುಡದಾಗ, ಬೇರು ಬುಡದಾಗ, ವಿಷದ ಅಗಾರಿಕಸ್ ಕ್ಸಾಂಥೋಡರ್ಮಸಿನ ಕಡು ಹಳದಿ ಬುಡ ಕತ್ತರಿಸಿದಾಗ ಕಾಣೋದು, ಅದರ ಶಾಯಿಯಂಥಾ ವಾಸನಿನೂ ಅಲ್ಲೇ. ಎರಿ ನೆಲದಾಗ ಕೈಲೆ ಜಗ್ಗಿದ್ರ ತುಂಡಾಗ್ತದ. ಕುರ್ಪಿ ತಗೊಂಡು ಸುತ್ತ ಒಂದು ಗೇಣು ಬಿಟ್ಟು ಹೆಂಟಿ ಸಮೇತ ಎತ್ತು, ಮಣ್ಣು ಮನ್ಯಾಗ ಬ್ರಷಿಲೆ ಬಿಡಸು. ತೊಳೀಬ್ಯಾಡ.

ಕೆಓಎಚ್ ವಿಷಯ. 5 ರಿಂದ 10 ಪರ್ಸೆಂಟ್, ತಾಜಾ ಮಾಡಿದ್ದಿರಬೇಕು, ಗಾಳಿಗೆ ಬಿಟ್ಟದ್ದು ಕಾರ್ಬನ್ ಡೈಆಕ್ಸೈಡ್ ಹೀರಿ ಸತ್ವ ಕಳಕೊಳ್ತದ. ನೀ ಹಚ್ಚಿದ್ದು ಒಣಗಿದ ತುಂಡಿಗೆ, ಹಚ್ಚಬೇಕಾದದ್ದು ತಾಜಾ ಟೊಪ್ಪಿಗಿಗೆ. ಹಳದಿ ಆಗಲಿಲ್ಲ ಅಂದ್ರ ಕ್ಸಾಂಥೋಡರ್ಮಸ್ ಇರಲಿಕ್ಕಿಲ್ಲ ಅಂತ ಅಷ್ಟೇ ಅರ್ಥ, ತಿನ್ನಬಹುದು ಅಂತ ಅಲ್ಲ. ತಿನ್ನೋ ಅಗಾರಿಕಸ್ ಆರ್ವೆನ್ಸಿಸ್ ಹಳದಿ ಆಗ್ತದ, ವಾಂತಿ ಮಾಡಿಸೋ ಮಾಲಿಬ್ಡೈಟಿಸ್ ಹಂಗ ಕಡು ಹಳದಿ ಆಗಂಗಿಲ್ಲ. ಆ ಹನಿ ಜಾತಿ ಬ್ಯಾರೆ ಮಾಡಾಕ ಇರೋದು, ವಿಷ ಹಿಡಿಯಾಕ ಅಲ್ಲ.

ಮ್ಯಾಲ ಒಬ್ಬ ಅಣ್ಣಾರು ಪೇಪರ್ ಟೆಸ್ಟ್ ಹೇಳ್ಯಾರ. ನ್ಯೂಸ್‌ಪೇಪರ್ ಮ್ಯಾಲ ಅಣಬಿ ರಸ ಹಿಂಡಿ, ಒಣಗಿಸಿ, ಕಾನ್ಸಂಟ್ರೇಟೆಡ್ ಹೈಡ್ರೋಕ್ಲೋರಿಕ್ ಹಾಕಿದ್ರ ನೀಲಿ ಬರ್ತದ ಅಂತ. ಅದು ಮೈಕ್ಸ್‌ನರ್ ಟೆಸ್ಟ್, ಖರೇ ಅದ. ಪೇಪರಿನ ಲಿಗ್ನಿನ್ (ಕಟ್ಟಿಗಿಯೊಳಗಿನ ಅಂಶ) ಜೊತಿ ಅಮಾಟಾಕ್ಸಿನ್ (ಅಮಾನಿಟಾದ ವಿಷ) ನೀಲಿ ಆಗ್ತದ. ಆದ್ರ ಅಣ್ಣಾರ, ನಶಾ ಅಣಬಿಯ ಸಿಲೋಸಿನ್ ಇದ್ರೂ ನೀಲಿ ಬರ್ತದ, ಬಿಸಿಲಿಗೆ ಇಟ್ಟು ಒಣಗಿಸಿದ್ರ ಸುಮ್ಮ ಸುಮ್ಮನೆ ಬರ್ತದ, ಲಿಗ್ನಿನ್ ಇಲ್ಲದ ಬಿಳಿ ಕಾಗದ ತಗೊಂಡ್ರ ವಿಷ ಇದ್ರೂ ಬರಂಗಿಲ್ಲ. ಅಮಾಟಾಕ್ಸಿನ್ ಬಿಟ್ಟು ಬ್ಯಾರೆ ವಿಷಕ್ಕ ಅದು ಏನೂ ಹೇಳಂಗಿಲ್ಲ. ಊಟದ ನಿರ್ಣಯಕ್ಕ ಇದನ್ನ ದಯವಿಟ್ಟು ಯಾರಿಗೂ ಹೇಳಬ್ಯಾಡ್ರಿ.

ಇಲ್ಲೇ ಒಬ್ಬ ಅಕ್ಕಾರು ವಿಷ ಗುರುತಿಸಾಕ ಅಂತ ಬರದ ಅರಿಶಿಣ, ಬೆಳ್ಳಿ ರೂಪಾಯಿ, ಬಳ್ಳೊಳ್ಳಿ ಟೆಸ್ಟ್ ಯಾವುದೂ ಕೆಲಸಕ್ಕ ಬರಂಗಿಲ್ಲ. ಹುಳ ತಿಂದದ, ಹಂಗಾದ್ರ ನಾವೂ ತಿನ್ನಬಹುದು ಅನ್ನೋದೂ ಸುಳ್ಳು. ಅಮಾಟಾಕ್ಸಿನ್ ಕುದಿಸಿದ್ರ ಹೋಗಂಗಿಲ್ಲ, ಒಣಗಿಸಿದ್ರೂ ಹೋಗಂಗಿಲ್ಲ. ನಮ್ಮ ಜೀವಕೋಶದ ಆರ್‌ಎನ್‌ಎ ಪಾಲಿಮರೇಸ್ 2 ಅನ್ನೋ ಕಿಣ್ವಾನೇ ಹಿಡದು ನಿಲ್ಲಿಸ್ತದ, ಯಕೃತ್ತು ಅದರಿಂದ ಹೋಗೋದು. ಮಾಲಿಬ್ಡೈಟಿಸ್ ಒಂದೆರಡು ಮೂರು ತಾಸಿನ್ಯಾಗ ವಾಂತಿ ತರಸ್ತದ. ಅಮಾನಿಟಾ ಆರು ತಾಸು, ಹನ್ನೆರಡು ತಾಸು ಸುಮ್ಮ ಕೂತು ಶುರುವಾಗ್ತದ, ನಡುವ ಒಂದು ದಿನ ಆರಾಮಾದಂಗ ಅನಸ್ತದ. ತಡವಾಗಿ ಶುರುವಾದ ವಾಂತಿ ಇದ್ರ ಮನ್ಯಾಗ ಕೂಡಬ್ಯಾಡ್ರಿ, ಉಳಿದ ಅಣಬಿ ಕಾಗದದಾಗ ಸುತ್ತಿಕೊಂಡು ದೊಡ್ಡ ದವಾಖಾನಿಗೆ ಹೋಗ್ರಿ.

ಒಣಗಿಸೋದು. ಕ್ಯಾರಿಬ್ಯಾಗ್ ಮರತುಬಿಡು, ಬೀದರಿಂದ ಕಲಬುರಗಿ ಬಸ್ಸಿನ್ಯಾಗ ಬರೋದ್ರೊಳಗ ಬೆವತು ಗೊಜ್ಜಾಗ್ತದ. ಕಾಗದದ ಪೊಟ್ಟಣ, ಇಲ್ಲಾಂದ್ರ ಬಿದಿರು ಬುಟ್ಟಿ. ಆಮ್ಯಾಲ 40 ರಿಂದ 45 ಡಿಗ್ರಿಯ ಡ್ರೈಯರ್, ಹಪ್ಪಳದಂಗ ಕಟ್ ಅಂತ ಮುರಿಯೋ ತನಕ. ಬಿಸಿಲಿಗೆ ಯಾಕ ಬ್ಯಾಡಂದ್ರ, ಬಿಸಿಲಿನ ಯುವಿ ಬಿದ್ರ ಅಣಬಿ ಎರ್ಗೋಸ್ಟೆರಾಲ್ ವಿಟಮಿನ್ ಡಿ2 ಆಗ್ತದ. ತಿನ್ನೋರಿಗೆ ಅದು ಲಾಭ. ನಿನ್ನ ಪ್ರಾಜೆಕ್ಟಿಗೆ ಅಲ್ಲ, ಯಾಕಂದ್ರ ಒಂದು ಸ್ಯಾಂಪಲ್ ಬಿಸಿಲಿಗೆ, ಇನ್ನೊಂದು ನೆರಳಿಗೆ ಒಣಗಿದ್ರ ಎರಡನ್ನ ಹೋಲಿಸೋ ಹಂಗಿಲ್ಲ. ಹೆಚ್ಚಿ ಬಹಳ ಹೊತ್ತು ಬಿಟ್ರೂ ಅದೇ ತೊಂದರಿ, ಟೈರೋಸಿನೇಸ್ ಕಿಣ್ವ ಫೀನಾಲ್ ತಿಂದು ಕಂದು ಮಾಡ್ತದ, ನೀ ಅಳಿಯೋದು ಉಳಿದದ್ದನ್ನ.

ನಿನ್ನ ಸಿನಾಪ್ಸಿಸ್‌ದಾಗ ಫ್ಲೇವನಾಯ್ಡ್ (ಗಿಡಗಳು ಮಾಡೋ ಒಂದು ಬಗಿ ಫೀನಾಲ್) ಅಂತ ಒಂದು ಕಾಲಂ ಅದ. ತೆಗದು ಹಾಕು. ಗಿಡದಾಗ ಫ್ಲೇವನಾಯ್ಡ್ ಮಾಡೋ ಕಿಣ್ವಗಳು ಅಣಬಿಗಳಿಗೆ ಸಾಮಾನ್ಯವಾಗಿ ಇಲ್ಲ, 2016ರಾಗ ಇದನ್ನ ಪರೀಕ್ಷಿಸಿ ಪ್ರಕಟ ಮಾಡ್ಯಾರ. ಅದನ್ನ ಅಳಿಯಾಕ ಅಂತ ಅಲ್ಯೂಮಿನಿಯಂ ಕ್ಲೋರೈಡ್ ಹಾಕಿದಾಗ ಬರೋ ಹಳದಿ ಬ್ಯಾರೆ ಏನರ ಕೊಡೋ ಬಣ್ಣ. ಟೋಟಲ್ ಫೀನಾಲ್ ಅಳಿಯೋ ಫೋಲಿನ್ ರಿಯೇಜೆಂಟೂ ಹಂಗ, ಫೀನಾಲಿಗೆ ಅಷ್ಟೇ ಅಲ್ಲ, ಸಕ್ಕರಿಗೆ, ಟೈರೋಸಿನ್‌ಗೆ, ವಿಟಮಿನ್ ಸಿಗೆ ಎಲ್ಲಕ್ಕೂ ನೀಲಿ ಆಗ್ತದ. ಅಂಕಿ ಬರಿ, ಆದ್ರ ಗ್ಯಾಲಿಕ್ ಆಸಿಡ್ ಸಮಾನ ಅಂತ ಬರಿ, ಇಷ್ಟು ಫೀನಾಲ್ ಅದ ಅಂತ ಬರೀಬ್ಯಾಡ. ಪ್ರೋಟೀನ್ ಮಾಡೋರು ನೈಟ್ರೋಜನ್‌ಗೆ 6.25 ಹಚ್ಚಿ ಗುಣಾಕಾರ ಮಾಡಬ್ಯಾಡ್ರಿ, 4.38 ಹಚ್ಚ್ರಿ. ಅಣಬಿ ಗೋಡಿಯೊಳಗ ಕೈಟಿನ್ ಅದ, ಅದರ ನೈಟ್ರೋಜನ್ ಪ್ರೋಟೀನ್ ಅಲ್ಲ. ಇಷ್ಟು ಒಂದು ತಿದ್ದಿದ್ರ ಎಷ್ಟೋ ಥೀಸಿಸ್‌ಗಳ ಪ್ರೋಟೀನ್ ಇಳೀತದ.

ಸಾಮಾನಿನ ಬಗ್ಗೆ ಕೇಳಿದ್ದಿ. ಫೋಲ್ಡ್‌ಸ್ಕೋಪ್ ಅನ್ನೋ ಮಡಚೋ ಮೈಕ್ರೋಸ್ಕೋಪ್ ಕಾಗದದ್ದಾದ್ರೂ 140 ಪಟ್ಟು ದೊಡ್ಡದು ಮಾಡಿ ತೋರಸ್ತದ, ಹೊಲಕ್ಕ ಒಯ್ಯಾಕ ಅದಕ್ಕಿಂತ ಛಲೋದು ನನಗ ಸಿಕ್ಕಿಲ್ಲ. ಆದ್ರ ಸ್ಪೋರ್ ಅಳತಿಗೆ, ಅಯೋಡಿನ್ ಇರೋ ಮೆಲ್ಜರ್ ರಿಯೇಜೆಂಟಿಗೆ ಕಾಲೇಜಿನ ಮೈಕ್ರೋಸ್ಕೋಪೇ ಬೇಕು, 400 ಕ್ಕ ಕಡಿಮಿ ಇಲ್ಲದಂಗ. ಮೆಲ್ಜರ್‌ದಾಗ ಕ್ಲೋರೋಫಿಲ್ಲಮ್ ಸ್ಪೋರ್ ಕೆಂಗಂದು ಆಗ್ತದ, ಅಗಾರಿಕಸ್ ಆಗಂಗಿಲ್ಲ, ನಿನಗ ಇದು ಎರಡನೇ ಸಾಕ್ಷಿ. ಲೇಬಲ್ ಅಪ್ಸರಾ ಪೆನ್ಸಿಲಿಲೆ ಬರದು ಪೊಟ್ಟಣದ ಒಳಗ ಹಾಕು, ಜೆಲ್ ಪೆನ್ ಒಂದು ಮಳಿಗೆ ಅಳಿಸಿ ಹೋಗ್ತದ. ತೇವ ಹೀರೋ ಸಿಲಿಕಾ ಕಿತ್ತಳಿ ಬಣ್ಣದ್ದು ತಗೋ, ನೀಲಿದ್ರಾಗ ಕೋಬಾಲ್ಟ್ ಕ್ಲೋರೈಡ್ ಅದ. ಟೊಪ್ಪಿಗಿ ಒಳಗಿನ ತುಂಡು, ಒಂದು ಶೇಂಗಾ ಕಾಳಿನಷ್ಟು, ಸಿಲಿಕಾದಾಗ ಒಣಗಿಸಿ ಇಟ್ಟುಬಿಡು. ಮುಂದ ಐಟಿಎಸ್ ಅನ್ನೋ ಡಿಎನ್‌ಎ ಭಾಗದ ಸೀಕ್ವೆನ್ಸ್ ಮಾಡಸಬೇಕು ಅಂದಾಗ ಇದೇ ಬೇಕಾಗೋದು. 2012ರಿಂದ ಶಿಲೀಂಧ್ರಗಳ ಬಾರ್‌ಕೋಡ್ ಅಂತ ಒಪ್ಪಿದ ಭಾಗ ಅದೇ. ಡಿಎನ್‌ಎ ಮಾಡಿಸ್ತೀನಿ, ಪ್ರಿಂಟ್ ಯಾಕ ಅನ್ನಬ್ಯಾಡ. ಇಡೀ ಸ್ಯಾಂಪಲ್ ಹರ್ಬೇರಿಯಂದಾಗ (ಒಣ ಸ್ಯಾಂಪಲ್ ಕಾದಿಡೋ ಜಾಗ) ಇಲ್ಲದ ಸೀಕ್ವೆನ್ಸ್ ಯಾರೂ ಮರಳಿ ಪರೀಕ್ಷಿಸೋ ಹಂಗಿಲ್ಲ.

ಇನ್ನೊಂದು ನೆನಪಾಯ್ತು. ಯಾದಗಿರಿ ಕಡೆಯವರು ಹುತ್ತದ ಮ್ಯಾಲ ಮಡಚಿದ ಛತ್ರಿಯಂಥಾದ್ದು ಸಿಕ್ಕದ, ಪ್ರಿಂಟ್ ಬೀಳವಲ್ದು ಅಂತ ಹೋದ ವಾರ ಬರದಿದ್ರು. ಅದು ಪೊಡ್ಯಾಕ್ಸಿಸ್ ಪಿಸ್ಟಿಲ್ಯಾರಿಸ್ ಇರಬೇಕು, ಲಿನೇಯಸ್ 1771ರಾಗೇ ಹೆಸರಿಟ್ಟಿದ್ದು. ಅದಕ್ಕ ಪ್ರಿಂಟ್ ಬೀಳಂಗೇ ಇಲ್ಲ, ಸ್ಪೋರ್ ಸಿಡಿಸೋ ಶಕ್ತಿ ಕಳಕೊಂಡದ, ಒಳಗೇ ಕಪ್ಪು ಪುಡಿ ಆಗ್ತದ. ನೋಡಾಕ ಎಷ್ಟು ಬ್ಯಾರೆ ಇದ್ರೂ ಡಿಎನ್‌ಎ ಪ್ರಕಾರ ಅಗಾರಿಕಸ್ ಮನಿತನದ್ದೇ. ಅದೇ ಹುತ್ತದ ಹತ್ತಿರ ಟರ್ಮಿಟೋಮೈಸಿಸ್ ಎದ್ದಿದ್ರ ಬೇರು ಒರಲಿ ಗೂಡಿನ ತನಕ ಇಳದಿರ್ತದ, ಎಲ್ಲಿ ತನಕ ಅಗೀತೀರಿ ಅಳತಿ ಬರಕೋರಿ. ಶಾಯಿಯಂಗ ಕರಗೋ ಅಣಬಿ ತಿನ್ನೋರು ಅದರ ಜೊತಿ ಸೇಂದಿ ಮುಟ್ಟಬ್ಯಾಡ್ರಿ. ಕೊಪ್ರಿನಾಪ್ಸಿಸ್ ಅಟ್ರಾಮೆಂಟೇರಿಯಾದ ಕೊಪ್ರಿನ್, ಶರಾಬು ಕರಗಿಸೋ ಕಿಣ್ವಾನ ತಡೀತದ, ಮುಖ ಕೆಂಪಾಗಿ ಎದಿ ಹೊಡಕೊಳ್ತದ, ಮೂರು ದಿನದ ತನಕನೂ ಆ ಪರಿಣಾಮ ಇರಬಹುದು.

ಚಿಂಚೋಳಿಗೆ ಹೋಗ್ತೀನಿ ಅಂದಿದ್ದಿ. ಅದು 2011ರಿಂದ ವನ್ಯಜೀವಿ ಧಾಮ, ಅರಣ್ಯ ಇಲಾಖೆ ಲಿಖಿತ ಪರವಾನಗಿ ಇಲ್ಲದ ಒಂದು ಅಣಬಿನೂ ತರಬ್ಯಾಡ, ಪ್ರಾಜೆಕ್ಟ್ ಗೈಡ್ ಸಹಿ ಹಾಕಿದ ಅರ್ಜಿ ಮೊದಲೇ ಕೊಡು. ರಸ್ತಿ ಬದಿಯಿಂದೂ ತರಬ್ಯಾಡ, ಅಣಬಿ ಕ್ಯಾಡ್ಮಿಯಂ, ಸೀಸ ಎಲ್ಲಾ ಹೀರಿಕೊಂಡಿರ್ತದ, ನಿನ್ನ ಕೆಮಿಸ್ಟ್ರಿ ಅದರಾಗೇ ಕೆಡ್ತದ.

ಈ ವಾರ ಮತ್ತ ಮಳಿ ಅದ ಅಂತಾರ. ಅದೇ ಮೈದಾನಕ್ಕ ಮುಂಜಾನೆ ಜಲ್ದಿ ಹೋಗು, ಒಂದು ಮೊಗ್ಗು, ಒಂದು ಅರ್ಧ ಅರಳಿದ್ದು, ಎರಡು ಪೂರಾ ಅರಳಿದ್ದು, ನಾಲ್ಕೂ ಬುಡ ಸಮೇತ ಎತ್ತು. ಕೀಳೋ ಮುಂಚೆ ನೆಲದಾಗಿದ್ದಂಗ ಒಂದು ಫೋಟೋ, ಕತ್ತರಿಸಿದ ಬುಡದ್ದು ಒಂದು. ಪ್ರಿಂಟಿನ ಗುಡ್ಡಿ ಫೋಟೋ ಮರುದಿನ ಇಲ್ಲೇ ಹಾಕು, ನಾ ನೋಡ್ತೀನಿ. ಮಾಳಿಗಿ ಮ್ಯಾಲ ಒಣಗಿದ ಆ ಪುಡಿ ಬೀಸಾಡಬ್ಯಾಡ, 'ಗುರುತು ಆಗಿಲ್ಲ' ಅಂತ ಬರದು ಬ್ಯಾರೆ ಡಬ್ಬಿಯೊಳಗ ಇಡು.