ಖಿನ್ನತೆ ಪೂರ್ತಿ ಹೋಗುವವರೆಗೆ ಎಲ್ಲರಿಂದ ದೂರ ಇದ್ದುಬಿಡುವುದು ಒಳ್ಳೆಯದಾ?

ಗೆಳೆಯರ ಫೋನ್ ತೆಗೆಯುತ್ತಿಲ್ಲ, ನಿಶ್ಚಯವಾದ ಮದುವೆಯನ್ನೂ ಬೇಡ ಅಂದುಬಿಡೋಣ ಅನ್ನಿಸುತ್ತಿದೆ, ಮೊದಲು ಸರಿಯಾಗಿ ಆಮೇಲೆ ಜನರ ಮುಖ ನೋಡುತ್ತೇನೆ ಅಂತ ಬರೆದಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದ್ದೆ. ಲೆಕ್ಕವೇ ತಪ್ಪು ಮಾರಾಯರೇ.

ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟ. ನಾನು ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದೆ. ಅಡಿಕೆ ಗೊನೆ ಕೊಯ್ಲು ಶುರುವಾದರೆ ನಮ್ಮಲ್ಲಿ ರಾತ್ರಿ ಊಟ ಮುಗಿಸಿ ಅಕ್ಕಪಕ್ಕದವರು ಒಂದು ಮನೆಯಲ್ಲಿ ಸೇರಿ ಅಡಿಕೆ ಸುಲಿಯುತ್ತಾರೆ. ಇವತ್ತು ಇವರ ಮನೆ, ನಾಳೆ ಅವರ ಮನೆ. ಮೆಟ್ಟುಗತ್ತಿ ಎದುರಿಗೆ ಕೂತರೆ ಕೈ ತನ್ನಷ್ಟಕ್ಕೆ ಓಡುತ್ತದೆ, ಬಾಯಿಗೆ ಬಿಡುವು. ಅಡಿಕೆ ರೇಟು, ತಾಳಮದ್ದಳೆಯಲ್ಲಿ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಯಾರ ಅರ್ಥಗಾರಿಕೆ ಚೆನ್ನಾಗಿತ್ತು ಅನ್ನೋ ಜಗಳ, ನಡುನಡುವೆ ಎಲೆ ಅಡಿಕೆಯ ಕವಳ. ನನಗೆ ವರ್ಷದಲ್ಲಿ ಇಷ್ಟವಾಗುತ್ತಿದ್ದ ಕಾಲ ಅದೇ.

ಆ ವರ್ಷ ಅಲ್ಲಿ ಕೂರಲು ಆಗಲಿಲ್ಲ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಬರುತ್ತಿರಲಿಲ್ಲ. ಯಾರೋ ತಮಾಷೆ ಮಾಡಿದರೆ ಎಲ್ಲರೂ ನಕ್ಕು ಮುಗಿಸಿದ ಮೇಲೆ ನನಗೆ ಅರ್ಥವಾಗುತ್ತಿತ್ತು. ಆಯಿ (ಅಮ್ಮ) 'ಆಸರಿಗೆ ಬೇಕಾ', ಅಂದರೆ ಕುಡಿಯಲು ಏನಾದರೂ ಬೇಕಾ ಅಂತ ಎರಡನೇ ಸಲ ಕೇಳಿದ್ದಕ್ಕೆ ಅವಳ ಮೇಲೆ ಹಾರಾಡಿದ್ದೆ. ಖಿನ್ನತೆ ಅಂದರೆ ಬರೀ ಅಳು ಅಂದುಕೊಂಡಿರುತ್ತಾರೆ. ಸಿಡುಕೂ ಅದರದ್ದೇ ಮುಖ, ಅದೂ ಹತ್ತಿರದವರ ಮೇಲೇ ಜಾಸ್ತಿ.

ಪಕ್ಕದ ಮನೆಯ ಗೆಳೆಯ ಶಾಲೆಯಿಂದ ಜೊತೆಗಿದ್ದವನು. ನಮ್ಮ ಮನೆಯ ಸರದಿಗೆ ತಡರಾತ್ರಿವರೆಗೂ ಸುಲಿದುಕೊಟ್ಟು ಹೋಗಿದ್ದ. ಅವರ ಮನೆಯ ಸರದಿ ಬಂದ ದಿನ ನಾನು 'ಆಫೀಸ್ ಮೀಟಿಂಗ್ ಇದೆ' ಅಂತ ಮೆಸೇಜ್ ಹಾಕಿದೆ. ಆ ರಾತ್ರಿ ಕರೆಂಟ್ ಹೋಯಿತು. ನಮ್ಮೂರಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಹೋಗುತ್ತದೆ, ಇದು ಮಕ್ಕಳಿಗೂ ಗೊತ್ತು. ಅವನು ಟಾರ್ಚ್ ಹಿಡಿದು ಕರೆಯಲು ಬಂದ. ನಾನು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದೆ. 'ಮೀಟಿಂಗ್ ಮುಗೀತಾ?' ಅಂದ. 'ಹೂಂ' ಅಂದೆ.

ಇದನ್ನೇ ಇಷ್ಟುದ್ದ ಯಾಕೆ ಹೇಳುತ್ತಿದ್ದೇನೆ ಅಂದರೆ, ಹೋಗದೇ ಇದ್ದಿದ್ದನ್ನು ಅವನು ಮರೆಯುತ್ತಿದ್ದ. ಆ 'ಹೂಂ' ಮರೆಯಲಿಲ್ಲ. ಹುಷಾರಿಲ್ಲ ಕಣೋ ಅಂತ ಎರಡು ಮಾತು ಸಾಕಿತ್ತು. ಹೇಳಿದರೆ 'ಇವನನ್ನ ಧಾರವಾಡಕ್ಕೆ (ಅಲ್ಲಿನ ಮಾನಸಿಕ ಆಸ್ಪತ್ರೆಗೆ) ಕರೆದುಕೊಂಡು ಹೋಗಬೇಕು' ಅಂತ ಊರೆಲ್ಲ ಆಡಿಕೊಳ್ಳುತ್ತದೆ ಅನ್ನೋ ಹೆದರಿಕೆ ನನಗೆ. ಒಂದು ಸುಳ್ಳು ಹೇಳಿದ ಮೇಲೆ ಅವನಿಗೆ ಮುಖ ತೋರಿಸಲು ನಾಚಿಕೆ, ಆ ನಾಚಿಕೆಗೆ ಇನ್ನೊಂದು ಸುಳ್ಳು. ಊರು ಆಡಿಕೊಳ್ಳದೇ ಏನೂ ಬಿಡಲಿಲ್ಲ. ಬೆಂಗಳೂರು ಸಂಬಳದ ಸೊಕ್ಕು ಅಂದರು. ಅವನ ಮದುವೆಗೆ ಕರೆಯಲು ಬಂದಾಗ ಪತ್ರಿಕೆಯನ್ನು ಅಪ್ಪಯ್ಯನ ಕೈಗೆ ಕೊಟ್ಟು, ಆಯಿಯ ಕಡೆ ನೋಡಿ 'ಎಲ್ಲರೂ ಬರಬೇಕು' ಅಂದ. ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಮದುವೆಗೆ ಹೋಗಲಿಲ್ಲ.

ಕೊನೆಗೆ ಅತ್ತಿಗೆ 'ಪೇಟೆಯಲ್ಲಿ ಕೆಲಸ ಇದೆ, ಬಾ' ಅಂತ ಕರೆದುಕೊಂಡು ಹೋಗಿ ಮನೋವೈದ್ಯರ ಮುಂದೆ ಕೂರಿಸಿದರು. ಡಾಕ್ಟರ್ ಮೊದಲು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿದರು, ಅದು ಕಡಿಮೆಯಾದರೂ ಹೀಗೇ ಆಗುತ್ತದಂತೆ. ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ವಾಕರಿಕೆ ಮಾತ್ರ ಮೊದಲೇ ಬರುತ್ತದೆ! ಅಲ್ಲಿಗೇ ಬಿಟ್ಟುಬಿಡುವವರು ಬಹಳ. ಮಾತ್ರೆ ಶುರುವಾದರೆ ನೀವು ಬಿಡಬೇಡಿ, ಗುಣವಾದ ಮೇಲೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಸಂಜೆ ಯಾರದಾದರೂ ಜಗಲಿಯಲ್ಲಿ ಕೂತು ಬನ್ನಿ, ಮಾತಾಡದಿದ್ದರೂ ಆಯಿತು ಅಂತ ಡಾಕ್ಟರ್ ಅಂದರು. ಮನಸ್ಸು ಬಂದ ಮೇಲೆ ಹೋಗುತ್ತೇನೆ ಅಂದೆ. ಹೋಗುತ್ತಾ ಇದ್ದರೇ ಮನಸ್ಸು ಬರೋದು ಅಂದರು. ಆಗ ಸಿಟ್ಟು ಬಂತು. ಅವರು ಹೇಳಿದ್ದು ಸರಿ. ಜನ ಬೇಡ ಅನ್ನಿಸುವುದೇ ಈ ಕಾಯಿಲೆಯ ಲಕ್ಷಣ, ಅದರ ಮಾತು ಕೇಳಿ ದೂರ ಕೂತರೆ ಅದು ಇನ್ನೂ ಗಟ್ಟಿಯಾಗುತ್ತದೆ.

ಹಾಗಾಗಿ 'ಮೊದಲು ಸರಿಯಾಗಿ ಆಮೇಲೆ ಜನ' ಅನ್ನೋದನ್ನು ಬಿಡಿ. ಯಾರಿಗೂ ತೊಂದರೆ ಬೇಡ ಅಂತ ನೀವು ದೂರ ಸರಿಯುತ್ತಿದ್ದೀರಿ. ಅವರಿಗೆ ಕಾಣುವುದು ತೆಗೆಯದ ಫೋನ್ ಅಷ್ಟೇ. ಊರಿಗೆಲ್ಲ ಹೇಳಬೇಕಿಲ್ಲ. ಒಬ್ಬಿಬ್ಬರಿಗೆ ಇಷ್ಟು ಕಳಿಸಿ: 'ಮನಸ್ಸಿಗೆ ಹುಷಾರಿಲ್ಲ. ಫೋನ್ ತೆಗೀದಿದ್ರೆ ಬೇಜಾರಾಗ್ಬೇಡ, ಮಾಡ್ತಾ ಇರು.' ನಾನು ಗೆಳೆಯನಿಗೆ ಹೇಳಿದ್ದು ತುಂಬಾ ತಡವಾಗಿ. 'ಅವತ್ತೇ ಹೇಳಿದ್ರೆ ಸುಲಿಯೋದು ಬಿಟ್ಟು ನಿನ್ ಹತ್ರ ಕೂರ್ತಿದ್ನಲ್ಲೋ' ಅಂತ ಬೈದ. ಈಗ ಮಾತಾಡುತ್ತೇವೆ, ಮೊದಲಿನ ಸಲಿಗೆ ಇಲ್ಲ.

ಮದುವೆ ಮುರಿಯುವ ತೀರ್ಮಾನ ಈಗ ಬೇಡವೇ ಬೇಡ. ಹಾಗಂತ ಹುಡುಗಿಯಿಂದ ಮುಚ್ಚಿಡಲೂ ಬೇಡಿ, ಅವಳಿಗೆ ಗೊತ್ತಿರಬೇಕು. ಬೇಕಾದರೆ ದಿನಾಂಕ ಮುಂದೆ ಹಾಕಿ. ಛತ್ರ ಬುಕ್ ಆಗಿದೆ ಅಂತ ಹಿರಿಯರು ಗೊಣಗುತ್ತಾರೆ, ಗೊಣಗಲಿ.

ಡಾಕ್ಟರ್ ಹತ್ತಿರ ಹೋಗಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಹೋಗಿಲ್ಲ ಅಂದರೆ, ಅಥವಾ ಬದುಕೇ ಬೇಡ ಅನ್ನೋ ಯೋಚನೆ ಬರುತ್ತಿದ್ದರೆ, ಇವತ್ತೇ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಫೋನ್ ಹಿಡಿಯಲೂ ಆಗದಿದ್ದರೆ ಮನೆಯವರ ಕೈಲಿ ಮಾಡಿಸಿ.